ಬೇರಲ್ಲಿ ಬೋಳು, ಎಲೆಯಲ್ಲಿ ರೋಮ: ಸಸ್ಯದ ಮೇಲ್ಪದರ ಓದಲು ಫೋನ್ ಸೂಕ್ಷ್ಮದರ್ಶಕ ಕಟ್ಟಿದ ಲಾಗ್

ಮೂಲಂಗಿ ಸೊಪ್ಪು ಹೆಚ್ಚುವಾಗ ಅಂಗೈಗೆ ತರಿತರಿ ಅನ್ನಿಸುವುದು ಎಲೆಯ ರೋಮ. ಒಂದೊಂದು ರೋಮವೂ ಒಂದೇ ಒಂದು ಕೋಶ. ಮೊಳಕೆ ಬಂದ ಸಾಸಿವೆಯ ಬೇರಿನ ಸುತ್ತ ಬಿಳಿ ಹತ್ತಿಯಂತೆ ಕಾಣುವುದು ಬೇರುರೋಮ. ಅದೂ ಒಂದೊಂದು ಕೋಶವೇ. ಈ ಎರಡನ್ನೂ ಆಳುವುದು ಹೆಚ್ಚುಕಡಿಮೆ ಒಂದೇ ಪ್ರೋಟೀನ್ ತಂಡ. ಎಲೆಯಲ್ಲಿ ಆ ತಂಡ ಕೂತ ಕೋಶ ರೋಮವಾಗುತ್ತದೆ, ಬೇರಿನಲ್ಲಿ ಅದೇ ತಂಡ ಕೂತ ಕೋಶ ಬೋಳಾಗಿ ಉಳಿಯುತ್ತದೆ. ಗಿಡ ಹೊಸ ಬಿಡಿಭಾಗ ಮಾಡಿಕೊಳ್ಳುವುದಕ್ಕಿಂತ ಇದ್ದ ಬಿಡಿಭಾಗವನ್ನು ಎಲ್ಲಿ, ಯಾವಾಗ ಆನ್ ಮಾಡಬೇಕು ಎಂಬುದನ್ನೇ ಬದಲಿಸಿಕೊಂಡು ತನ್ನ ಮೈಯನ್ನು ರೂಪಿಸುತ್ತದೆ. ಜೀನ್ ನಿಯಂತ್ರಣ ಎಂದರೆ ಇದೇ. ಅದರ ಫಲವನ್ನು ಕಣ್ಣಾರೆ ನೋಡಲು ಪ್ರಯೋಗಾಲಯ ಬೇಕಿಲ್ಲ. ಕೆಟ್ಟ ಫೋನಿನ ಲೆನ್ಸ್, ಮೂರು ಬೋಲ್ಟ್, ಅಡಿಗೆಮನೆಯ ಸಾಸಿವೆ ಸಾಕು.

ಕೆಳಗಿನದು ಘಟ್ಟದ ಮೇಲೆ ಶಿರಸಿಗೂ ಘಟ್ಟದ ಕೆಳಗೆ ಕಾರವಾರಕ್ಕೂ ಹೊಂದುವಂತೆ ಬರೆದ ಕಟ್ಟುವ ಲಾಗ್. ಎರಡು ಕಡೆಯ ಕಾಟ ಬೇರೆಬೇರೆ. ಮೇಲೆ ಮಳೆಗಾಲದ ತೇವ ಮತ್ತು ಬೂಷ್ಟು, ಕೆಳಗೆ ಉಪ್ಪುಗಾಳಿ.

ಸ್ಟ್ಯಾಂಡ್

ಬೇಕಾದದ್ದು: 18 ಸೆಂಮೀ ಚೌಕದ, 18 ಮಿಮೀ ದಪ್ಪದ ಪ್ಲೈವುಡ್ ಒಂದು, 3 ಮಿಮೀ ಅಕ್ರಿಲಿಕ್ ಹಾಳೆಯಲ್ಲಿ 18 ಸೆಂಮೀ ಚೌಕದ ಮೇಲ್ತಟ್ಟೆ ಒಂದು, 18 ಸೆಂಮೀ ಉದ್ದ 7 ಸೆಂಮೀ ಅಗಲದ ಸ್ಲೈಡ್ ತಟ್ಟೆ ಒಂದು, 110 ಮಿಮೀ ಉದ್ದದ ಎಂ8 ಬೋಲ್ಟ್ ಮೂರು, ಅದಕ್ಕೆ ನಟ್ಟು ಹನ್ನೊಂದು, ವಾಷರ್ ಹನ್ನೊಂದು. ಮುಂದಿನ ಅಂಚಿನಿಂದ 30 ಮಿಮೀ ಒಳಗೆ, ಒಂದಕ್ಕೊಂದು 120 ಮಿಮೀ ದೂರದಲ್ಲಿ ಎರಡು ಬೋಲ್ಟ್. ಮೂರನೆಯದು ಹಿಂದಿನ ಅಂಚಿನ ನಡುವೆ. ಮೇಲ್ತಟ್ಟೆ ಮೂರೂ ಬೋಲ್ಟಿನ ತುದಿಗೆ ಮೇಲೂ ಕೆಳಗೂ ನಟ್ಟು ಹಾಕಿ ಬಿಗಿಯುತ್ತದೆ. ಸ್ಲೈಡ್ ತಟ್ಟೆ ಮುಂದಿನ ಎರಡು ಬೋಲ್ಟಿನ ಮೇಲೆ ಮಾತ್ರ ಏರಿಳಿಯುತ್ತದೆ.

ಅಕ್ರಿಲಿಕ್‌ಗೆ ತೂತು ಹಾಕುವಾಗ ಡ್ರಿಲ್ ಬಿಟ್ಟನ್ನು ಒಮ್ಮೆಲೇ 8 ಮಿಮೀ ಹಾಕಿದರೆ ಹಾಳೆ ಸೀಳುತ್ತದೆ. 3 ಮಿಮೀ, 5 ಮಿಮೀ, ಆಮೇಲೆ 8 ಮಿಮೀ ಎಂದು ಹಂತಹಂತವಾಗಿ, ಕೆಳಗೆ ಮರದ ತುಂಡು ಇಟ್ಟು, ನಿಧಾನ ವೇಗದಲ್ಲಿ ಕೊರೆಯಬೇಕು. ಸ್ಲೈಡ್ ತಟ್ಟೆಯ ತೂತು 8 ಮಿಮೀಗಿಂತ ಸಡಿಲವಾದರೆ ತಟ್ಟೆ ಮುಂದಕ್ಕೆ ಬಾಗುತ್ತದೆ, ಚಿತ್ರದ ಅರ್ಧ ಮಾತ್ರ ಸ್ಪಷ್ಟವಾಗುತ್ತದೆ. ಸ್ಲೈಡ್ ತಟ್ಟೆಯ ಸರಿ ನಡುವೆ ಬೆಳಕು ಬರಲು 15 ಮಿಮೀ ತೂತು ಬೇಕು.

ಫೋಕಸ್‌ನ ಜೀವ ಇರುವುದು ನಟ್ಟಿನಲ್ಲಿ. ಎಂ8 ಬೋಲ್ಟಿನ ಮರೆಯ (ತಿರುಪಿನ ಸುತ್ತುಗಳ) ಅಂತರ 1.25 ಮಿಮೀ, ಅಂದರೆ ನಟ್ಟು ಒಂದು ಸುತ್ತು ತಿರುಗಿದರೆ ತಟ್ಟೆ 1.25 ಮಿಮೀ ಏರುತ್ತದೆ. ಇಲ್ಲಿ ಬೇಕಾದದ್ದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕ, ಬರೀ ಬೆರಳಲ್ಲಿ ನಟ್ಟು ತಿರುಗಿಸಿದರೆ ಚಿತ್ರ ಬಂದದ್ದೂ ಗೊತ್ತಾಗದೆ ದಾಟಿಹೋಗುತ್ತದೆ. ಅದಕ್ಕೆ ತಟ್ಟೆ ಹೊತ್ತ ಎರಡು ನಟ್ಟಿಗೂ 60 ಮಿಮೀ ವ್ಯಾಸದ ಡಬ್ಬಿ ಮುಚ್ಚಳವನ್ನು ಎಪಾಕ್ಸಿ ಅಂಟಿನಿಂದ ಕೂರಿಸಬೇಕು. ಮುಚ್ಚಳದ ಸುತ್ತಳತೆ ಸುಮಾರು 188 ಮಿಮೀ. ಅಂಚನ್ನು 1 ಮಿಮೀ ಸರಿಸಿದರೆ ಆ ಬದಿ 6.6 ಮೈಕ್ರಾನ್ ಏರುತ್ತದೆ, ಎರಡು ಬೋಲ್ಟಿನ ನಡುವೆ ಇರುವ ಸ್ಲೈಡ್ ಅದರ ಅರ್ಧ, ಸುಮಾರು 3.3 ಮೈಕ್ರಾನ್ ಏರುತ್ತದೆ. ದೊಡ್ಡ ಹೊಂದಾಣಿಕೆಗೆ ಎರಡೂ ಮುಚ್ಚಳ ಒಟ್ಟಿಗೆ, ಸೂಕ್ಷ್ಮಕ್ಕೆ ಒಂದೇ ಮುಚ್ಚಳ.

ಕಾರವಾರದ ಕಡೆ ಸಾದಾ ಕಬ್ಬಿಣದ ಬೋಲ್ಟ್ ಹಾಕಿದರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಫೋಕಸ್ ಕಟಕಟ ಎಂದು ಹಾರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿದರೆ ಬೇರೆ ತೊಂದರೆ: ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿಗೆ ಒಣಗಿದ್ದಾಗ ಕಚ್ಚಿಕೊಂಡು ಸಿಕ್ಕಿಬೀಳುತ್ತದೆ. ಸ್ಟೀಲ್ ಬೋಲ್ಟಿಗೆ ಹಿತ್ತಾಳೆ ನಟ್ಟು, ನಡುವೆ ಚೂರು ವ್ಯಾಸಲೀನ್, ಇದು ಎರಡಕ್ಕೂ ಮದ್ದು. ತೆಂಗಿನೆಣ್ಣೆ ಬೇಡ. ಅದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಶಿರಸಿಯ ಡಿಸೆಂಬರ್ ಬೆಳಗ್ಗೆ ಮುಚ್ಚಳ ತಿರುಗುವುದೇ ಇಲ್ಲ.

ಲೆನ್ಸ್, ಬೆಳಕು, ಅಳತೆ

ಕೆಟ್ಟ ಸ್ಮಾರ್ಟ್‌ಫೋನಿನ ಹಿಂಬದಿ ಕ್ಯಾಮೆರಾ ಬಿಚ್ಚಿದರೆ ಗುಂಡಗಿನ ಪುಟ್ಟ ಲೆನ್ಸ್ ಕೊಳವೆ ಸಿಗುತ್ತದೆ. ಅದನ್ನು ಮಗುಚಿ ಹಾಕಬೇಕು. ಸೆನ್ಸರ್ ಕಡೆಗಿದ್ದ ಮುಖ ಈಗ ಸ್ಲೈಡಿನ ಕಡೆಗೆ, ಹೊರಜಗತ್ತು ನೋಡುತ್ತಿದ್ದ ಮುಖ ಮೇಲ್ತಟ್ಟೆಯ ಮೇಲಿಡುವ ನಿಮ್ಮ ಫೋನಿನ ಕಡೆಗೆ. ಹಾಗೆ ಮಾಡಿದಾಗ ಎರಡು ಲೆನ್ಸ್‌ಗಳ ಫೋಕಲ್ ಉದ್ದ ಹತ್ತಿರಹತ್ತಿರ ಇರುವುದರಿಂದ ವಸ್ತುವಿನ ಪ್ರತಿಬಿಂಬ ಸೆನ್ಸರ್ ಮೇಲೆ ಸರಿಸುಮಾರು ಇದ್ದ ಗಾತ್ರದಲ್ಲೇ ಬೀಳುತ್ತದೆ. ಸೆನ್ಸರಿನ ಚುಕ್ಕಿಗಳು ಒಂದೊಂದೂ 1 ರಿಂದ 1.5 ಮೈಕ್ರಾನ್ ಇರುವುದರಿಂದ 25 ಮೈಕ್ರಾನಿನ ಒಂದು ಪತ್ರರಂಧ್ರ (ಎಲೆ ಉಸಿರಾಡುವ ಪುಟ್ಟ ಬಾಯಿ) ಸುಮಾರು 20 ಚುಕ್ಕಿ ಹಿಡಿಯುತ್ತದೆ. ಆಕಾರ ಗುರುತಿಸಲು ಅಷ್ಟು ಧಾರಾಳ.

ಮೇಲ್ತಟ್ಟೆಯಲ್ಲಿ, ಮುಂದಿನ ಎರಡು ಬೋಲ್ಟಿನ ಸರಿ ನಡುವೆ, ಕೊಳವೆಯ ಅಳತೆಗೆ ತೂತು ಕೊರೆದು, ಕೊಳವೆ ಕೆಳಗೆ 1 ರಿಂದ 2 ಮಿಮೀ ಚಾಚುವಂತೆ ಕೂರಿಸಿ, ಬದಿಗೆ ಮಾತ್ರ ಅಂಟು ಹಚ್ಚಿ. ಸೂಪರ್ ಗ್ಲೂ ಬೇಡ, ಅದರ ಆವಿ ಲೆನ್ಸಿನ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಲೆನ್ಸಿಗೂ ಕವರ್‌ಸ್ಲಿಪ್‌ಗೂ (ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜಿನ ಚೂರು) ನಡುವೆ ಉಳಿಯುವ ಜಾಗ 1 ಮಿಮೀ ಆಸುಪಾಸು. ಸ್ಲೈಡಿನಲ್ಲಿ ನೀರು ಹೆಚ್ಚಾಗಿ ಹೊರಚೆಲ್ಲಿದ್ದರೆ ಅದು ಸೀದಾ ಲೆನ್ಸಿಗೆ ತಾಗುತ್ತದೆ. ಪ್ರತಿಸಲವೂ ಟಿಶ್ಯೂ ಪೇಪರಿನ ಮೂಲೆ ತಾಗಿಸಿ ಹೆಚ್ಚುವರಿ ನೀರು ಎಳೆದು ತೆಗೆಯಿರಿ.

ಎರಡು ಮೂರು ಕ್ಯಾಮೆರಾ ಇರುವ ಫೋನಿನಲ್ಲಿ ಆಗಾಗ ಒಂದು ಗೊಂದಲ ಬರುತ್ತದೆ. ಚಿತ್ರ ಬಂತು ಎನ್ನುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಫೋನು ಹತ್ತಿರದ ವಸ್ತು ಕಂಡು ತಾನೇ ಬೇರೆ ಕ್ಯಾಮೆರಾಕ್ಕೆ ಹಾರಿದೆ, ಅಷ್ಟೇ. ಸೆಟ್ಟಿಂಗಿನಲ್ಲಿ ಮ್ಯಾಕ್ರೋ ಮೋಡ್ ಆಫ್ ಮಾಡಿ, 1 ಎಕ್ಸ್‌ನಲ್ಲಿ ಫೋಕಸ್ ಲಾಕ್ ಮಾಡಿ, ಫೋಕಸ್ ಏನಿದ್ದರೂ ಮುಚ್ಚಳದಿಂದಲೇ ಹೊಂದಿಸಿ.

ಬೆಳಕಿಗೆ ಕೆಳಗೊಂದು ಎಲ್‌ಇಡಿ ಟಾರ್ಚ್, ಅದರ ಮೇಲೆ ಟ್ರೇಸಿಂಗ್ ಪೇಪರ್ ಎರಡು ಪದರ. ಮುಂದೆ ಹೇಳುವ ನೇಲ್ ಪಾಲಿಶ್ ಅಚ್ಚಿನಂಥ ಬಣ್ಣವಿಲ್ಲದ ವಸ್ತು ಇಂಥ ಹರಡಿದ ಬೆಳಕಿನಲ್ಲಿ ಕಾಣುವುದೇ ಇಲ್ಲ. ಕಪ್ಪು ಕಾಗದದಲ್ಲಿ 5 ಮಿಮೀ ತೂತು ಮಾಡಿ ಸ್ಲೈಡಿನಿಂದ 3 ಸೆಂಮೀ ಕೆಳಗೆ ಹಿಡಿದು, ತೂತನ್ನು ನಡುವಿನಿಂದ ಒಂದು ಸೆಂಟಿಮೀಟರ್ ಬದಿಗೆ ಸರಿಸಿ. ಬೆಳಕು ಓರೆಯಾಗಿ ಬಿದ್ದು ಕೋಶಗಳ ಗಡಿ ಗದ್ದೆಯ ಹಾಳಿಯಂತೆ ಎದ್ದು ಕಾಣುತ್ತದೆ.

ಅಳತೆಗೆ ಸ್ಟೀಲ್ ಸ್ಕೇಲಿನ 1 ಮಿಮೀ ಗೆರೆಗಳ ಫೋಟೋ ತೆಗೆದು ಗೆರೆಯ ನಡುವಿನಿಂದ ಮುಂದಿನ ಗೆರೆಯ ನಡುವಿನವರೆಗೆ ಎಷ್ಟು ಪಿಕ್ಸೆಲ್ ಎಂದು ನೋಡಿ. 700 ಬಂದರೆ ಒಂದು ಪಿಕ್ಸೆಲ್‌ಗೆ 1.43 ಮೈಕ್ರಾನ್. ಜೂಮ್ ಮುಟ್ಟಿದರೆ ಈ ಲೆಕ್ಕ ಕೆಟ್ಟಂತೆ, ಮತ್ತೆ ಅಳೆಯಬೇಕು.

ಬೇರು

ಜೀನ್‌ಗಳ ಬಗ್ಗೆ ಮುಂದೆ ಹೇಳುವುದೆಲ್ಲ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಸಾಬೀತಾದದ್ದು. 2000ದಲ್ಲಿ ಇಡೀ ಜೀನೋಮ್ ಓದಿ ಮುಗಿಸಿದ ಮೊದಲ ಸಸ್ಯ ಅದು. ನಮ್ಮ ತೋಟದಲ್ಲಿ ಅದು ಬೆಳೆಯುವುದಿಲ್ಲ, ಆದರೆ ಸಾಸಿವೆ, ಮೂಲಂಗಿ ಎರಡೂ ಅದೇ ಕುಟುಂಬದವು. ಹಾಗಾಗಿ ವಿನ್ಯಾಸ ನೋಡಲು ಇವು ಒಳ್ಳೆಯ ಬದಲಿ.

ಒಗ್ಗರಣೆ ಸಾಸಿವೆ 20 ಕಾಳು. ಅಂಗಡಿಯ ಬ್ಲೀಚನ್ನು ಒಂದಕ್ಕೆ ನಾಲ್ಕು ಪಾಲು ನೀರು ಸೇರಿಸಿ ತೆಳು ಮಾಡಿ, ಅದರಲ್ಲಿ 10 ನಿಮಿಷ ಕಾಳು ಅದ್ದಿ, ಐದು ಸಲ ನೀರಲ್ಲಿ ತೊಳೆಯಿರಿ. ಮಳೆಗಾಲದಲ್ಲಿ ಈ ಹಂತ ಬಿಟ್ಟರೆ ಮೂರನೇ ದಿನ ಬೂಷ್ಟಿನ ಎಳೆ ಯಾವುದು, ಬೇರುರೋಮ ಯಾವುದು ಎಂದು ಗೊತ್ತಾಗುವುದಿಲ್ಲ. ಬೂಷ್ಟಿನ ಎಳೆ ಕವಲೊಡೆಯುತ್ತದೆ, ಬೇರುರೋಮ ಕವಲೊಡೆಯುವುದಿಲ್ಲ, ಗುರುತು ಅಷ್ಟೇ. ಬ್ಲೀಚಿಗೆ ವಿನೆಗರ್, ಟಾಯ್ಲೆಟ್ ಕ್ಲೀನರ್ ಯಾವುದನ್ನೂ ಬೆರೆಸಬೇಡಿ, ವಿಷಗಾಳಿ ಬರುತ್ತದೆ.

ಸ್ಟೀಲ್ ತಟ್ಟೆಯಲ್ಲಿ ಟಿಶ್ಯೂ ಪೇಪರ್ ಎರಡು ಪದರ ಹಾಸಿ, ಒದ್ದೆ ಮಾಡಿ, ಸುರಿಯುವ ನೀರನ್ನೆಲ್ಲ ಬಸಿದುಬಿಡಿ. ಕಾಳನ್ನು ಮೇಲಂಚಿನ ಹತ್ತಿರ ಸಾಲಾಗಿ ಕೂರಿಸಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ತಟ್ಟೆಯನ್ನು ಗೋಡೆಗೆ ಒರಗಿಸಿ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿ. ಬೇರು ಕಾಗದದ ಮೇಲ್ಮೈಯಲ್ಲೇ ನೇರ ಕೆಳಗಿಳಿಯುತ್ತದೆ. ತಟ್ಟೆ ಮಲಗಿಸಿದರೆ ಬೇರು ಕಾಗದದೊಳಗೆ ತೂರಿ, ಎತ್ತುವಾಗ ರೋಮವೆಲ್ಲ ಕಿತ್ತು ಕಾಗದದಲ್ಲೇ ಉಳಿಯುತ್ತದೆ. ನೀರು ನಿಂತರೆ ರೋಮಗಳು ಒಂದಕ್ಕೊಂದು ಅಂಟಿ ಜಡೆಯಾಗುತ್ತವೆ. 25 ರಿಂದ 28 ಡಿಗ್ರಿಯಲ್ಲಿ ಸುಮಾರು 48 ಗಂಟೆಗೆ ರೋಮದ ಕೊಳವೆ ಸಿದ್ಧ.

ಬೇರನ್ನು ಎತ್ತುವ ಮೊದಲೇ ಸ್ಲೈಡಿನಲ್ಲಿ ನೀರಿನ ಹನಿ ಇಟ್ಟುಕೊಂಡಿರಬೇಕು. ಗಾಳಿಗೆ ತೆರೆದ ಬೇರುರೋಮ ಕೆಲವೇ ಕ್ಷಣದಲ್ಲಿ ಮುದುಡುತ್ತದೆ, ಮುದುಡಿದ್ದು ಮತ್ತೆ ಏಳುವುದಿಲ್ಲ. ಬಣ್ಣಕ್ಕೆ ಟೊಲುಯಿಡಿನ್ ಬ್ಲೂ 50 ಮಿಲಿಗ್ರಾಂ 100 ಮಿಲೀ ನೀರಿಗೆ, ಒಂದು ನಿಮಿಷ, ಆಮೇಲೆ ನೀರಲ್ಲಿ ತೊಳೆದು ನೋಡಿ. ಅದು ಸಿಗದಿದ್ದರೆ ಅಕ್ವೇರಿಯಂ ಅಂಗಡಿಯ ಮಿಥಿಲೀನ್ ಬ್ಲೂ ಹನಿಯನ್ನು ತಿಳಿನೀಲಿಯಾಗುವಷ್ಟು ತೆಳು ಮಾಡಿ ಬಳಸಬಹುದು.

ಈಗ ರೋಮ ಹುಟ್ಟಿದ ಜಾಗ ಬಿಟ್ಟು ಬೇರಿನ ತುದಿಯ ಕಡೆ ಸರಿಯಿರಿ, ತುದಿಗಿಂತ ಒಂದೆರಡು ಮಿಮೀ ಮೇಲೆ. ಅಲ್ಲಿನ್ನೂ ಒಂದೂ ರೋಮವಿಲ್ಲ. ಆದರೂ ಕೋಶಗಳ ಸಾಲುಗಳಲ್ಲಿ ಕೆಲವು ಗಾಢ ನೀಲಿ, ಕೆಲವು ತಿಳಿ. ಗಾಢ ಸಾಲಿನ ಕೋಶಗಳು ಗಿಡ್ಡ, ತಿಳಿ ಸಾಲಿನವು ಉದ್ದ. ಪಂಚೆಯ ಅಂಚಿನ ಪಟ್ಟೆಯ ಹಾಗೆ. ಗಾಢವಾದ ಸಾಲು ಮುಂದೆ ರೋಮ ಬಿಡುವ ಸಾಲು. ರೋಮ ಕಾಣುವ ಮೊದಲೇ ತೀರ್ಮಾನ ಆಗಿಹೋಗಿದೆ. ಫೋಕಸ್ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಒಳಗಿನ ಪದರಕ್ಕೆ ಇಳಿದರೆ ಗಾಢ ಸಾಲು ಎಲ್ಲಿ ಕೂತಿದೆ ಎಂದು ಗೊತ್ತಾಗುತ್ತದೆ: ಕೆಳಗಿನ ಎರಡು ಕೋಶಗಳ ಸಂದಿನ ಮೇಲೆ. ಒಂದೇ ಕೋಶದ ಬೆನ್ನ ಮೇಲೆ ಕೂತ ಸಾಲು ಬೋಳು. ಅರಬಿಡಾಪ್ಸಿಸ್‌ನಲ್ಲಿ ಒಳಪದರದ ಕೋಶ ಎಂಟು, ಹಾಗಾಗಿ ಸಂದು ಎಂಟು, ರೋಮದ ಸಾಲೂ ಎಂಟು.

ಇದು ನಡೆಯುವ ಬಗೆ ಹೀಗೆ. ಒಳಗಿನ ಪದರದಿಂದ ಬರುವ ಸುಳಿವನ್ನು ಮೇಲ್ಪದರದ ಕೋಶದಲ್ಲಿರುವ ಸ್ಕ್ರ್ಯಾಂಬಲ್ಡ್ ಎಂಬ ಗ್ರಾಹಕ ಪ್ರೋಟೀನ್ ಹಿಡಿಯುತ್ತದೆ. ಸಂದಿನ ಮೇಲಿರುವ ಕೋಶದಲ್ಲಿ ಅದು ವೇರ್‌ವುಲ್ಫ್ ಎಂಬ ಜೀನನ್ನು ತಗ್ಗಿಸುತ್ತದೆ. ಮಿಕ್ಕ ಕೋಶದಲ್ಲಿ ವೇರ್‌ವುಲ್ಫ್ ಜೋರಾಗಿದ್ದು, ಅದರ ಪ್ರೋಟೀನು ಜಿಎಲ್3 ಅಥವಾ ಇಜಿಎಲ್3 ಹಾಗೂ ಟಿಟಿಜಿ1 ಎಂಬ ಪ್ರೋಟೀನುಗಳ ಜೊತೆ ಕೂಡಿ ಮೂವರ ತಂಡ ಕಟ್ಟುತ್ತದೆ. ತಂಡ ಜಿಎಲ್2 ಎಂಬ ಜೀನನ್ನು ಆನ್ ಮಾಡುತ್ತದೆ. ಜಿಎಲ್2 ರೋಮ ಶುರುಮಾಡುವ ಆರ್‌ಎಚ್‌ಡಿ6 ಜೀನನ್ನು ತಡೆಹಿಡಿಯುತ್ತದೆ. ಕೋಶ ಬೋಳು.

ಅಷ್ಟಕ್ಕೇ ನಿಲ್ಲುವುದಿಲ್ಲ. ಅದೇ ತಂಡ ಕ್ಯಾಪ್ರೈಸ್ ಎಂಬ ಪುಟ್ಟ ಪ್ರೋಟೀನನ್ನೂ ಮಾಡಿಸುತ್ತದೆ. ಕ್ಯಾಪ್ರೈಸ್ ಹುಟ್ಟಿದ ಮನೆಯಲ್ಲಿ ಕೂರುವುದಿಲ್ಲ, ಕೋಶದಿಂದ ಕೋಶಕ್ಕೆ ದಾಟಿ ಪಕ್ಕದ ಕೋಶ ಸೇರುತ್ತದೆ. ಅಲ್ಲಿ ವೇರ್‌ವುಲ್ಫ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ತಾನು ಮಾತ್ರ ಜೀನನ್ನು ಆನ್ ಮಾಡಲಾರದು. ಹಾಗಾಗಿ ಅಲ್ಲಿ ಜಿಎಲ್2 ಇಲ್ಲ, ಆರ್‌ಎಚ್‌ಡಿ6 ಬಿಡುಗಡೆ, ರೋಮ ಹೊರಡುತ್ತದೆ. ತನ್ನೊಳಗೆ ಒಂದು ತೀರ್ಮಾನ, ನೆರೆಯವನಿಗೆ ಅದರ ತಿರುವುಮುರುವು. ಪಟ್ಟೆ ಅಷ್ಟು ಚೊಕ್ಕವಾಗಿ ಬರುವುದು ಇದರಿಂದ.

ಸೌತೆ ಬೀಜದ ಮೊಳಕೆಯಲ್ಲಿ ಪಟ್ಟೆ ಹುಡುಕಬೇಡಿ. ಅಲ್ಲಿ ಮೇಲ್ಪದರದ ಯಾವ ಕೋಶ ಬೇಕಾದರೂ ರೋಮವಾಗಬಹುದು. ಹೋಲಿಕೆಗೆ ಪಕ್ಕದಲ್ಲಿ ಇಟ್ಟುಕೊಳ್ಳಲು ಅದು ಒಳ್ಳೆಯದು.

ರೋಮದ ಉದ್ದವೂ ಜೀನಿನ ಕೈಯಲ್ಲೇ ಇದೆ. ಆರ್‌ಎಸ್‌ಎಲ್4 ಎಂಬ ಪ್ರೋಟೀನ್ ಎಷ್ಟು ಹೆಚ್ಚು ಹೊತ್ತು ಇರುತ್ತದೋ ರೋಮ ಅಷ್ಟು ಉದ್ದ. ರಂಜಕ ಕಡಿಮೆಯಾದಾಗ ರೋಮ ಉದ್ದವಾಗಿ, ಒತ್ತಾಗಿ ಬೆಳೆಯುವುದು ಅರಬಿಡಾಪ್ಸಿಸ್‌ನಲ್ಲಿ ಗೊತ್ತಿರುವ ಸಂಗತಿ. ನಮ್ಮ ಜಿಲ್ಲೆಗೆ ಇದು ಹತ್ತಿರದ ವಿಷಯ. ಚಿರೆಕಲ್ಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಸೇರಿ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಕಿದ ಗೊಬ್ಬರವಿದ್ದರೂ ಬೇರಿಗೆ ಎಟುಕುವುದು ಕಡಿಮೆ. ಬೇರು ತಾನೇ ಕೈ ಚಾಚಿ ಹುಡುಕಬೇಕಾದ ಮಣ್ಣು ಇದು.

ಎಲೆಯ ರೋಮ

ಇಲ್ಲಿ ಮೂಲಂಗಿ ವಾಸಿ. ಸಾಸಿವೆಯ ಕೆಲವು ತಳಿಗಳಲ್ಲಿ ರೋಮ ವಿರಳ. ಬಿತ್ತಿದ ಹತ್ತು ಹನ್ನೆರಡು ದಿನಕ್ಕೆ ಬೀಜದಳದ ನಡುವೆ ಏಳುವ ಮೊದಲ ನಿಜ ಎಲೆ 3 ಮಿಮೀ ಇದ್ದಾಗಲೇ ಚಿವುಟಿ. ಎಲೆ ದೊಡ್ಡದಾದ ಮೇಲೆ ರೋಮದ ನಡುವೆ ಕೋಶಗಳು ಹಿಗ್ಗಿ ಅಂತರ ನೋಡುವುದು ಕಷ್ಟ. ಡಿನೇಚರ್ಡ್ ಸ್ಪಿರಿಟ್‌ನಲ್ಲಿ ಮುಚ್ಚಿದ ಡಬ್ಬಿಯೊಳಗೆ ನಾಲ್ಕು ಗಂಟೆ ಬಿಟ್ಟರೆ ಹಸಿರು ಇಳಿದು ಎಲೆ ಬೆಳ್ಳಗಾಗುತ್ತದೆ. ಒಲೆ, ದೀಪದ ಹತ್ತಿರ ಬೇಡ. ಬೆಳ್ಳಗಾದ ಎಲೆ ಗರಿಗರಿಯಾಗಿ ಒಡೆಯುವುದರಿಂದ ಮೊದಲು ಹತ್ತು ನಿಮಿಷ ನೀರಲ್ಲಿ ಬಿಟ್ಟು, ಆಮೇಲೆ ಅರ್ಧ ಗ್ಲಿಸರಿನ್ ಅರ್ಧ ನೀರಿನ ಹನಿಯಲ್ಲಿ ಸ್ಲೈಡಿಗೆ ಇಡಿ.

ಎಲೆಯ ತುದಿಯಲ್ಲಿ ರೋಮ ಉದ್ದವಾಗಿ ಬೆಳೆದಿರುತ್ತದೆ, ಬುಡದ ಕಡೆ ಬಂದಂತೆ ಬರೀ ಉಬ್ಬು. ಬುಡವೇ ಎಳೆಯದು. ಆ ಉಬ್ಬುಗಳನ್ನು ನೋಡಿ. ಎರಡು ಉಬ್ಬು ಅಕ್ಕಪಕ್ಕ ಅಂಟಿಕೊಂಡು ನಿಲ್ಲುವುದು ತೀರ ಅಪರೂಪ, ನಡುವೆ ಸಾದಾ ಕೋಶಗಳ ಬಿಡುವು ಇದ್ದೇ ಇರುತ್ತದೆ.

ಇಲ್ಲಿ ತಂಡದ ಮೂರನೆಯ ಸದಸ್ಯ ವೇರ್‌ವುಲ್ಫ್ ಅಲ್ಲ, ಅದರ ಹತ್ತಿರದ ಸಂಬಂಧಿ ಜಿಎಲ್1. ಮಿಕ್ಕವರು ಅವರೇ: ಜಿಎಲ್3 ಅಥವಾ ಇಜಿಎಲ್3, ಟಿಟಿಜಿ1. ಆನ್ ಆಗುವುದೂ ಅದೇ ಜಿಎಲ್2. ಎಲೆಯಲ್ಲಿ ಜಿಎಲ್2 ಆನ್ ಆದ ಕೋಶ ರೋಮವಾಗುತ್ತದೆ. ಇಲ್ಲೂ ತಂಡವೇ ಟ್ರಿಪ್ಟಿಕಾನ್, ಕ್ಯಾಪ್ರೈಸ್ ಎಂಬ ತಡೆಗಾರರನ್ನು ಮಾಡಿಸಿ ನೆರೆಮನೆಗೆ ಕಳಿಸುತ್ತದೆ. ಟ್ರಿಪ್ಟಿಕಾನ್ ಕೆಟ್ಟ ಗಿಡದಲ್ಲಿ ರೋಮಗಳು ಗೊಂಚಲಾಗಿ ಹುಟ್ಟುತ್ತವೆ.

ವೇರ್‌ವುಲ್ಫ್‌ಗೂ ಜಿಎಲ್1ಗೂ ಸ್ವಭಾವದಲ್ಲೇ ವ್ಯತ್ಯಾಸವೇ, ಅಥವಾ ಕೂತ ಜಾಗ ಮಾತ್ರ ಬೇರೆಯೇ? 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇವೆರಡರ ಸ್ವಿಚ್ಚು, ಅಂದರೆ ಪ್ರೊಮೋಟರ್, ಅದಲುಬದಲು ಮಾಡಿದರು. ಜಿಎಲ್1ನ ಪ್ರೊಮೋಟರ್‌ಗೆ ವೇರ್‌ವುಲ್ಫ್ ಜೋಡಿಸಿದಾಗ ಜಿಎಲ್1 ಕೆಟ್ಟು ಬೋಳಾಗಿದ್ದ ಎಲೆಯಲ್ಲಿ ರೋಮ ಬಂತು. ವೇರ್‌ವುಲ್ಫ್‌ನ ಪ್ರೊಮೋಟರ್‌ಗೆ ಜಿಎಲ್1 ಜೋಡಿಸಿದಾಗ ವೇರ್‌ವುಲ್ಫ್ ಕೆಟ್ಟ ಗಿಡದ ಬೇರಿನ ಪಟ್ಟೆ ಸರಿಹೋಯಿತು. ಪ್ರೋಟೀನು ಒಂದರ ಕೆಲಸ ಇನ್ನೊಂದು ಮಾಡಬಲ್ಲದು. ಬೇರೆಯಾದದ್ದು ಜೀನಿನ ಮುಂದಿನ ಆನ್-ಆಫ್ ತುಣುಕು. ಮೂಲಂಗಿ ಎಲೆ, ಸಾಸಿವೆ ಬೇರು ಎರಡರ ಸ್ಲೈಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಈ ಒಂದು ಸಂಗತಿಗಾಗಿ.

ತುಳಸಿ, ದೊಡ್ಡಪತ್ರೆ, ಟೊಮೆಟೊ ಎಲೆಯ ರೋಮ ನೋಡಲು ಇನ್ನೂ ಚೆಂದ, ತುದಿಯಲ್ಲಿ ಎಣ್ಣೆಯ ಗುಳ್ಳೆ ಸಹ ಕಾಣುತ್ತದೆ. ಆದರೆ ಅವು ಬಹುಕೋಶದ ರೋಮಗಳು, ಮೇಲಿನ ಲೆಕ್ಕವನ್ನು ಅವಕ್ಕೆ ಹಾಗೆಯೇ ಹಚ್ಚಬಾರದು.

ಪತ್ರರಂಧ್ರ

ನೇಲ್ ಪಾಲಿಶ್ ಅಚ್ಚಿನ ವಿಧಾನ ಹಲವು ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಬಣ್ಣವಿಲ್ಲದ ಪಾಲಿಶ್, ಎಲೆಯ ಕೆಳಮೈಗೆ ಒಂದೇ ತೆಳು ಎಳೆತ, 10 ರಿಂದ 15 ನಿಮಿಷ ಒಣಗಿಸಿ, ಪಾರದರ್ಶಕ ಸೆಲ್ಲೋಟೇಪ್ ಒತ್ತಿ ಎಬ್ಬಿಸಿ, ಸ್ಲೈಡಿಗೆ ಅಂಟಿಸುವುದು. ಬೇಸಿಗೆಯಲ್ಲಿ ಇದು ಸಲೀಸು. ಜುಲೈನಲ್ಲಿ ಶಿರಸಿಯಲ್ಲಿ ಹಾಗೇ ಮಾಡಿದರೆ ಅಚ್ಚು ಹಾಲಿನಂತೆ ಬೆಳ್ಳಗೆ ಬರುತ್ತದೆ, ಒಂದು ಕೋಶವೂ ಕಾಣುವುದಿಲ್ಲ. ಪಾಲಿಶ್ ಹಳತಾಗಿದೆ ಎಂದು ಹೊಸ ಬಾಟಲಿ ತಂದರೂ ಅದೇ ಕತೆ. ಕಾರಣ ಬಾಟಲಿಯಲ್ಲಿಲ್ಲ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಎಲೆಯನ್ನು ಮೊದಲು ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ, ಪಾಲಿಶ್ ಹಚ್ಚಿದ ಕೂಡಲೇ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಟ್ಟು 20 ನಿಮಿಷ ಬಿಡಿ. ಪದರ ದಪ್ಪವಾದರೆ ಬಿಳಿಯಾಗುವುದು ಇನ್ನೂ ಹೆಚ್ಚು, ಆದ್ದರಿಂದ ಬ್ರಷ್ಷನ್ನು ಬಾಟಲಿಯ ಬಾಯಿಗೆ ಒರೆಸಿಯೇ ಹಚ್ಚಬೇಕು. ನೀಲಿ ಸಿಲಿಕಾ ಗುಲಾಬಿಯಾದರೆ ಅದರ ಶಕ್ತಿ ಮುಗಿದಂತೆ, ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ. ಆ ಬಾಣಲೆಯನ್ನು ಮತ್ತೆ ಅಡಿಗೆಗೆ ಬಳಸಬಾರದು.

ಎಳೆಯ ಬೀಜದಳಕ್ಕೆ ಪಾಲಿಶ್ ಬೇಡ, ದ್ರಾವಕಕ್ಕೆ ಕೋಶವೇ ಸಾಯುತ್ತದೆ. ಸಾಸಿವೆಯ ನಾಲ್ಕೈದು ದಿನದ ಬೀಜದಳವನ್ನು ಮೇಲೆ ಹೇಳಿದಂತೆ ಸ್ಪಿರಿಟ್‌ನಲ್ಲಿ ಬಿಳಿಚಿಸಿ, ನೀಲಿ ಬಣ್ಣ ಹಾಕಿ ನೋಡಿ. ಒಂದೇ ಚಿತ್ರದಲ್ಲಿ ಎಲ್ಲ ವಯಸ್ಸಿನವೂ ಸಿಗುತ್ತವೆ. ಅಂಕುಡೊಂಕು ಗಡಿಯ ದೊಡ್ಡ ಕೋಶಗಳ ನಡುವೆ ಒಂದು ಮೂಲೆಯಲ್ಲಿ ಗಾಢವಾದ ಪುಟ್ಟ ತ್ರಿಕೋನ, ಅದು ಪತ್ರರಂಧ್ರದ ಶಿಶು. ಇನ್ನೊಂದೆಡೆ ದುಂಡಗಾಗಿ ಊದಿಕೊಂಡ ಒಂಟಿ ಕೋಶ. ಮತ್ತೊಂದೆಡೆ ಆ ದುಂಡಿನ ನಡುವೆ ಗೋಡೆ ಬಿದ್ದು ಎರಡಾಗಿದೆ, ಬಾಯಿ ಇನ್ನೂ ತೆರೆದಿಲ್ಲ.

ಈ ಮೂರು ಹಂತಕ್ಕೆ ಮೂರು ಜೀನು, ಒಂದರ ನಂತರ ಒಂದು ಕಾವಲು ಬದಲಾಗುತ್ತದೆ. ಮೊದಲು ಸ್ಪೀಚ್‌ಲೆಸ್: ಸಾದಾ ಕೋಶವನ್ನು ಒಂದು ಸಣ್ಣ, ಒಂದು ದೊಡ್ಡ ಎಂದು ಅಸಮವಾಗಿ ಒಡೆಸುತ್ತದೆ. ಸಣ್ಣದ್ದೇ ತ್ರಿಕೋನ. ಅದು ಒಂದರಿಂದ ಮೂರು ಸಲ ಹಾಗೇ ಒಡೆದ ಮೇಲೆ ಮ್ಯೂಟ್ ಬಂದು ಸಾಕು ಎನ್ನುತ್ತದೆ, ತ್ರಿಕೋನ ದುಂಡಗಾಗುತ್ತದೆ. ಕೊನೆಗೆ ಫಾಮಾ: ದುಂಡು ಕೋಶ ಒಂದೇ ಒಂದು ಸಲ ಸಮವಾಗಿ ಒಡೆದ ಮೇಲೆ ಮುಂದಿನ ವಿಭಜನೆಗೆ ಬೀಗ ಹಾಕಿ ಎರಡನ್ನೂ ಬಾಯಿಯ ಎರಡು ತುಟಿಗಳಾದ ಕಾವಲು ಕೋಶವಾಗಿಸುತ್ತದೆ. ಮೂರಕ್ಕೂ ಸ್ಕ್ರೀಮ್ ಎಂಬ ಜೊತೆಗಾರ ಬೇಕು. ಫಾಮಾ 2006ರಲ್ಲಿ, ಸ್ಪೀಚ್‌ಲೆಸ್ ಮತ್ತು ಮ್ಯೂಟ್ 2007ರಲ್ಲಿ, ಸ್ಕ್ರೀಮ್ 2008ರಲ್ಲಿ ವರದಿಯಾದವು. ಹೆಸರಿನ ಹಿಂದೆ ಅರ್ಥವಿದೆ. ಸ್ಪೀಚ್‌ಲೆಸ್ ಕೆಟ್ಟ ಗಿಡದ ಎಲೆಗೆ ಬಾಯಿಯೇ ಇಲ್ಲ. ಮ್ಯೂಟ್ ಕೆಟ್ಟರೆ ತ್ರಿಕೋನ ಒಡೆಯುತ್ತಲೇ ಹೋಗಿ ಗುಲಾಬಿ ಎಸಳಿನಂತೆ ಸುತ್ತಿ ನಿಲ್ಲುತ್ತದೆ. ಫಾಮಾ ಕೆಟ್ಟರೆ ಬಾಯಿಯಿಲ್ಲದ ಕಿರಿದಾದ ಕೋಶಗಳ ಅಡುಕು.

ಇನ್ನು ಎಣಿಕೆ. ಬಲಿತ ಎಲೆಯ ಅಚ್ಚಿನ ಐದು ಫೋಟೋ, ಪ್ರತಿಯೊಂದರಲ್ಲೂ 0.4 ಮಿಮೀ ಚೌಕ, ಅಂದರೆ 0.16 ಚದರ ಮಿಮೀ. ಎಡ ಮತ್ತು ಮೇಲಿನ ಗೆರೆಗೆ ತಾಗಿದ್ದು ಲೆಕ್ಕಕ್ಕೆ, ಬಲ ಮತ್ತು ಕೆಳಗಿನ ಗೆರೆಯದ್ದು ಬಿಟ್ಟುಬಿಡಿ. ರಂಧ್ರಗಳ ಸಂಖ್ಯೆಯನ್ನು ರಂಧ್ರ ಮತ್ತು ಸಾದಾ ಕೋಶಗಳ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿದರೆ ರಂಧ್ರ ಸೂಚ್ಯಂಕ. ಚದರ ಮಿಮೀಗೆ ಎಷ್ಟು ಎಂಬ ಸಾಂದ್ರತೆಯೊಂದೇ ಸಾಲದು. ಎಲೆ ಹಿಗ್ಗಿದರೆ ಸಾಂದ್ರತೆ ತಾನಾಗಿ ಇಳಿಯುತ್ತದೆ, ಗಿಡ ಏನೂ ತೀರ್ಮಾನ ಬದಲಿಸಿರುವುದಿಲ್ಲ. ತೀರ್ಮಾನ ಬದಲಾದದ್ದನ್ನು ಸೂಚ್ಯಂಕ ತೋರಿಸುತ್ತದೆ.

ಆಮೇಲೆ ಒಂದೊಂದು ರಂಧ್ರದ ಸುತ್ತ ನೋಡಿ, ಇನ್ನೊಂದು ರಂಧ್ರಕ್ಕೆ ತಾಗಿದೆಯೇ ಎಂದು ಗುರುತು ಹಾಕಿ. ಸೂಚ್ಯಂಕ 20 ಇದೆ, ಒಂದು ರಂಧ್ರಕ್ಕೆ ಸುತ್ತ ಆರು ನೆರೆ ಎಂದುಕೊಳ್ಳಿ. ರಂಧ್ರಗಳು ಕಣ್ಣುಮುಚ್ಚಿ ಎಸೆದಂತೆ ಹರಡಿದ್ದರೆ ಆರೂ ನೆರೆ ಸಾದಾ ಕೋಶವೇ ಆಗಿರುವ ಸಂಭವ 0.8ರ ಆರನೇ ಘಾತ, ಅಂದರೆ 0.26. ಐವತ್ತು ರಂಧ್ರ ಎಣಿಸಿದರೆ ಸುಮಾರು 37 ಇನ್ನೊಂದಕ್ಕೆ ಅಂಟಿರಬೇಕಿತ್ತು. ಸಾಸಿವೆ ಅಚ್ಚಿನಲ್ಲಿ ಅಂಟಿದ್ದು ಹುಡುಕಿದರೂ ಸಿಗುವುದು ಕಷ್ಟ. ನಡುವೆ ಕನಿಷ್ಠ ಒಂದು ಕೋಶ ಬಿಡು ಎಂಬ ನಿಯಮ ಇಲ್ಲಿ ದುಡಿಯುತ್ತಿದೆ.

ನಿಯಮ ಜಾರಿ ಮಾಡುವ ಮುಖ್ಯ ದಾರಿ ಇಪಿಎಫ್1, ಇಪಿಎಫ್2 ಎಂಬ ಪುಟ್ಟ ಪೆಪ್ಟೈಡ್‌ಗಳದ್ದು (ಚಿಕ್ಕ ಪ್ರೋಟೀನ್ ತುಣುಕುಗಳದ್ದು). ರಂಧ್ರವಾಗಲು ಹೊರಟ ಕೋಶ ಇವನ್ನು ಹೊರಬಿಡುತ್ತದೆ, ನೆರೆಕೋಶದ ಹೊರಪೊರೆಯ ಇರೆಕ್ಟಾ ಕುಟುಂಬದ ಗ್ರಾಹಕಗಳು ಮತ್ತು ಟಿಎಂಎಂ ಎಂಬ ಇನ್ನೊಂದು ಗ್ರಾಹಕ ಇವನ್ನು ಹಿಡಿಯುತ್ತವೆ. ಸುದ್ದಿ ಯೋಡಾ ಎಂಬ ಕೈನೇಸ್ (ಫಾಸ್ಫೇಟ್ ಅಂಟಿಸುವ ಕಿಣ್ವ) ಮೂಲಕ ಕೈಯಿಂದ ಕೈಗೆ ದಾಟಿ ಸ್ಪೀಚ್‌ಲೆಸ್ ಪ್ರೋಟೀನಿಗೆ ಫಾಸ್ಫೇಟ್ ಚೀಟಿ ಅಂಟಿಸುತ್ತದೆ. ಚೀಟಿ ಬಿದ್ದ ಸ್ಪೀಚ್‌ಲೆಸ್ ಉಳಿಯುವುದಿಲ್ಲ. ಒಳಗಿನ ಹಸಿರು ಕೋಶಗಳು ಮಾತ್ರ ಸ್ಟೊಮಾಜೆನ್ ಎಂಬ ಪೆಪ್ಟೈಡ್ ಕಳಿಸಿ ಅದೇ ಗ್ರಾಹಕಕ್ಕೆ ಪೈಪೋಟಿ ಮಾಡಿ ಇನ್ನಷ್ಟು ಬಾಯಿ ಕೇಳುತ್ತವೆ. ಟಿಎಂಎಂ ಕೆಟ್ಟ ಎಲೆಯಲ್ಲಿ ರಂಧ್ರಗಳು ಗುಂಪುಗುಂಪಾಗಿ ನಿಲ್ಲುತ್ತವೆ. ಘಟ್ಟದ ಬಂಡೆಗಳ ಮೇಲೆ ಮಳೆಗಾಲದಲ್ಲಿ ಕಾಣುವ ಬೆಗೋನಿಯಾದ ಹಲವು ಜಾತಿಗಳಲ್ಲಿ ಸಹಜವಾಗಿಯೇ ರಂಧ್ರಗಳು ಗುಂಪಾಗಿರುತ್ತವೆ, ಹಾಗಾಗಿ ಒಂದು ಕೋಶದ ನಿಯಮ ಪರೀಕ್ಷಿಸಲು ಆ ಎಲೆ ಬೇಡ.

ಅಡಕೆ ತೋಟದ ಕಾಳುಮೆಣಸಿನಲ್ಲಿ ಬಿಸಿಲು ಬೀಳುವ ಬಳ್ಳಿ ಮತ್ತು ನೆರಳ ಬಳ್ಳಿ ಹೋಲಿಸುವುದು ಒಳ್ಳೆಯ ಅಭ್ಯಾಸ. ಒಂದು ಎಚ್ಚರ: ನೆರಳಲ್ಲಿ ಬಲಿತ ಎಲೆಯನ್ನು ಬಿಸಿಲಿಗೆ ತಿರುಗಿಸಿ ಕಟ್ಟಿ ತಿಂಗಳು ಬಿಟ್ಟು ಎಣಿಸಿದರೂ ಸಂಖ್ಯೆ ಬದಲಾಗುವುದಿಲ್ಲ, ಅದರ ತೀರ್ಮಾನ ಮುಗಿದಿದೆ. ಬಲಿತ ಎಲೆಗಳು ಬೆಳಕನ್ನು ಗ್ರಹಿಸಿ ಮುಂದೆ ಹುಟ್ಟುವ ಎಲೆಗೆ ಸುದ್ದಿ ಕಳಿಸುತ್ತವೆ, ಆದ್ದರಿಂದ ಅಲ್ಲೇ ಹುಟ್ಟಿ ಅಲ್ಲೇ ಬಲಿತ ಎಲೆಯನ್ನೇ ಆರಿಸಬೇಕು. ಶಿರಸಿಯ ಎಣಿಕೆಯನ್ನು ಕಾರವಾರದ ಎಣಿಕೆಗೆ ನೇರ ಹೋಲಿಸುವುದೂ ತಪ್ಪು. ಅರಬಿಡಾಪ್ಸಿಸ್‌ನಲ್ಲಿ ಸೆಕೆ ಹೆಚ್ಚಿದಾಗ ಪಿಐಎಫ್4 ಎಂಬ ಪ್ರೋಟೀನ್ ಸ್ಪೀಚ್‌ಲೆಸ್ ಜೀನನ್ನೇ ತಗ್ಗಿಸುತ್ತದೆ. ಬೆಳಕೊಂದನ್ನೇ ಪರೀಕ್ಷಿಸಬೇಕಾದರೆ ಎರಡೂ ಬಳ್ಳಿ ಒಂದೇ ತೋಟದಲ್ಲಿರಲಿ.

ಕಾಳಿ ದಡದ ಎಲೆ

ಕಾರವಾರದಲ್ಲಿ ಕಾಳಿ ನದಿಯ ಅಳಿವೆಯ ಕಾಂಡ್ಲ ಗಿಡಗಳನ್ನು ನೋಡದೆ ಬಿಡಲು ಮನಸ್ಸಾಗದು. ಗೆಲ್ಲು ಮುರಿಯಬೇಡಿ, ಆಗಷ್ಟೇ ಉದುರಿದ ಎಲೆ ಸಾಕು. ಅವುಗಳಲ್ಲಿ ಒಂದಾದ ಅವಿಸೆನ್ನಿಯಾದ ಎಲೆಗೆ ಉಪ್ಪು ಹೊರಹಾಕುವ ಗ್ರಂಥಿಗಳಿವೆ, ಅವೂ ಮೇಲ್ಪದರದ ಕೋಶಗಳೇ. ಮೊದಲ ಅಚ್ಚು ಬಹುತೇಕ ಕೆಡುತ್ತದೆ. ಮೇಲ್ಮೈಯಲ್ಲಿ ಉಪ್ಪಿನ ಹರಳು ಕೂತಿದ್ದರೆ ಅಚ್ಚಿನಲ್ಲಿ ಚೌಕ ಗುಳಿಗಳೇ ತುಂಬಿರುತ್ತವೆ, ಅದನ್ನು ಗ್ರಂಥಿ ಎಂದು ಎಣಿಸಿಬಿಡುವ ಅಪಾಯವಿದೆ. ಸಿಹಿನೀರಲ್ಲಿ ಎರಡು ಸಲ ತೊಳೆದು ಒರೆಸಿದ ಮೇಲೆ ಹಚ್ಚಿ. ಕೆಳಮೈಯಲ್ಲಿ ರೋಮ ಎಷ್ಟು ಒತ್ತಾಗಿದೆಯೆಂದರೆ ಪಾಲಿಶ್ ಕೋಶಕ್ಕೆ ತಲುಪುವುದೇ ಇಲ್ಲ. ಸೆಲ್ಲೋಟೇಪನ್ನು ಅದೇ ಜಾಗಕ್ಕೆ ನಾಲ್ಕೈದು ಸಲ ಒತ್ತಿ ಎಳೆದು ರೋಮ ಕಿತ್ತು, ಟೇಪಿನಲ್ಲಿ ಬೂದಿಬಣ್ಣದ ಪುಡಿ ಬರುವುದು ನಿಂತ ಮೇಲೆ ಪಾಲಿಶ್ ಹಚ್ಚಬೇಕು. ಕಿತ್ತ ರೋಮದ ಟೇಪನ್ನೂ ಎಸೆಯಬೇಡಿ, ಒಂದು ಸ್ಲೈಡಿಗೆ ಅಂಟಿಸಿ ತಾರೀಖು ಬರೆದಿಡಿ. ಕೆಲಸ ಮುಗಿದ ಮೇಲೆ ಲೆನ್ಸ್ ಕೂರಿಸಿದ ಮೇಲ್ತಟ್ಟೆಯನ್ನು ಬಿಚ್ಚಿ ಸಿಲಿಕಾ ಡಬ್ಬಿಗೆ ಹಾಕಿ. ಉಪ್ಪುಗಾಳಿಯಲ್ಲಿ ತೆರೆದಿಟ್ಟರೆ ಲೆನ್ಸಿನ ಮೇಲೆ ಕೂತ ಉಪ್ಪಿನ ಪೊರೆ ತೇವ ಹೀರಿ ಮರುದಿನ ಎಲ್ಲವೂ ಮಸುಕು. ಆಗ ಒಣಬಟ್ಟೆಯಲ್ಲಿ ಉಜ್ಜದೆ, ಮೊದಲು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದ ಕಿವಿಕಡ್ಡಿಯನ್ನು ಹಗುರಾಗಿ ತಾಗಿಸಿ ಉಪ್ಪು ಕರಗಿಸಿ, ಆಮೇಲೆ ಒಣಕಡ್ಡಿಯಿಂದ ತೇವ ಎತ್ತಿ.